ಮೂಲ ಎಂಜಿನ್ ಯಾವುದು ಗೌಡ್ರೇ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಿಗೆ ಅನುಕೂಲವಾಗುವಷ್ಟು ಮಾತ್ರ ತಿದ್ದಲಾಗಿದೆ.)

ಈ ಸರಣಿಯಲ್ಲಿ ಸಾಮಾನ್ಯವಾಗಿ ನಾನು ಶಾಸನ, ಕೋಟೆ, ಹಳೇ ಪತ್ರ ಇಂಥವುಗಳ ಬಗ್ಗೆ ಮಾತಾಡ್ತೀನಿ. ಇವತ್ತು ಒಂದು ಪಿಕಪ್ ಗಾಡಿಯ ಬಗ್ಗೆ. ಶುರು ಮಾಡೋಕೆ ಮುಂಚೆ ಒಂದು ತಪ್ಪೊಪ್ಪಿಗೆ.

ಹೋದ ಬೇಸಿಗೆಯಲ್ಲಿ, ಕೊಪ್ಪದ ಹತ್ತಿರ ನಮ್ಮೂರ ಮನೆಯ ಕೊಟ್ಟಿಗೆಯಲ್ಲಿ, ಅಜ್ಜನ ಕಾಲದ ಪಿಕಪ್ಪಿನ ಮುಂದಿನ ಚಕ್ರ ಬಿಚ್ಚೋಕೆ ಹೋದೆ. ಇಪ್ಪತ್ತು ವರ್ಷ ನಿಂತಿದ್ದ ಗಾಡಿ. ನಟ್ಟು ಅಲ್ಲಾಡಲಿಲ್ಲ. ತುಕ್ಕು ಹಿಡಿದಿರಬೇಕು ಅಂತ ಸೀಮೆಎಣ್ಣೆ ಬಿಟ್ಟೆ. ಆಗಲಿಲ್ಲ. ಪಾನಾದ ಹಿಡಿಗೆ ಉದ್ದನೆ ಕಬ್ಬಿಣದ ಪೈಪ್ ಸಿಕ್ಕಿಸಿ, ಅದರ ಮೇಲೆ ಹತ್ತಿ ನಿಂತೆ. ಟಕ್ ಅಂತು. ಬಿಟ್ಕೊಂತು ಅಂತ ಖುಷಿಯಾಯ್ತು. ನೋಡಿದ್ರೆ ಸ್ಟಡ್ಡೇ ಮುರಿದು ನಟ್ಟಿನ ಜೊತೆ ಕೈಗೆ ಬಂದಿದೆ. ಬುದ್ಧಿ ಬರಬೇಕಿತ್ತು. ಬರಲಿಲ್ಲ. ಎರಡನೇದಕ್ಕೂ ಅದನ್ನೇ ಮಾಡಿದೆ.

ಶಬ್ದ ಕೇಳಿ ಚಿಕ್ಕಪ್ಪ ಕಣದಿಂದ ಬಂದ್ರು. ಮುರಿದ ಸ್ಟಡ್ ಕೈಗೆ ತಗೊಂಡು, ಬೆರಳಲ್ಲಿ ತಿಕ್ಕಿ, ಅದರ ತುದಿಯಲ್ಲಿ ಕೊರೆದಿದ್ದ ಒಂದು ಅಕ್ಷರ ತೋರಿಸಿದ್ರು. ಇಂಗ್ಲಿಷಿನ 'ಎಲ್'. "ಎಂತ ಮಾರಾಯ, ಎಡಗಡೇದು ಉಲ್ಟಾ ಥ್ರೆಡ್ಡು ಅಂತ ಗೊತ್ತಿಲ್ವಾ ನಿಂಗೆ? ಬಿಚ್ತೀನಿ ಅಂತ ಬಿಗೀತಾ ಇದ್ದೀಯಲ್ಲ!"

ಹಳೇ ಜೀಪುಗಳ ವಿಷಯ ಗೊತ್ತಿರೋರು ಈಗ ನಗ್ತಿರಬೇಕು. ಆ ಕಾಲದ ಜೀಪು ಗಾಡಿಗಳಲ್ಲಿ ಬಲಗಡೆ ಚಕ್ರದ ನಟ್ಟು ನಾವು ನೀವು ಬಲ್ಲ ಹಾಗೆ ತಿರುಗುತ್ತೆ, ಎಡಗಡೆಯದು ತಿರುವುಮುರುವು. ಗಾಡಿ ಮುಂದಕ್ಕೆ ಓಡುವಾಗ ಚಕ್ರದ ತಿರುಗಾಟಕ್ಕೆ ನಟ್ಟು ತಾನಾಗಿ ಸಡಿಲ ಆಗಬಾರದು ಅನ್ನೋ ಲೆಕ್ಕಾಚಾರ. ನಾನು ಪುಸ್ತಕ ಓದಿ, ವಿಡಿಯೊ ನೋಡಿ, ಸಾಮಾನೆಲ್ಲ ಹೊಂದಿಸಿಕೊಂಡು ಬೆಂಗಳೂರಿಂದ ಹೋಗಿದ್ದೆ. ಇದೊಂದು ತಿಳ್ಕೊಂಡಿರಲಿಲ್ಲ.

ಗಾಡಿ ಯಾವುದು ಹೇಳ್ತೀನಿ. ಮಹೀಂದ್ರ ಎಫ್‌ಸಿ-150, 1968ರ ಮಾಡೆಲ್. ಎಫ್‌ಸಿ ಅಂದ್ರೆ ಫಾರ್ವರ್ಡ್ ಕಂಟ್ರೋಲ್. ಮಾಮೂಲಿ ಜೀಪಿಗೆ ಮುಂದೆ ಬಾನೆಟ್ ಇರುತ್ತಲ್ಲ, ಇದಕ್ಕೆ ಇಲ್ಲ. ಡ್ರೈವರ್ ಕೂರೋದೇ ಮುಂದಿನ ಚಕ್ರದ ನೇರಕ್ಕೆ, ಎಂಜಿನ್ ಎರಡು ಸೀಟಿನ ನಡುವೆ, ಅದರ ಮೇಲೊಂದು ತಗಡಿನ ಮುಚ್ಚಳ. ಮೂಗು ಕತ್ತರಿಸಿದ ಹಾಗೆ ಕಾಣುತ್ತೆ. ಮಳೆಗಾಲದಲ್ಲಿ ಶಾಲೆಗೆ ಬಿಡೋಕೆ ಅಜ್ಜ ಕರ್ಕೊಂಡು ಹೋಗುವಾಗ ನಾವು ಮಕ್ಕಳು ಆ ಬಿಸಿ ಮುಚ್ಚಳದ ಮೇಲೆ ಒದ್ದೆ ಕಾಲ್ಚೀಲ ಒಣಗಿಸ್ತಿದ್ವಿ. ಬೇಸಿಗೆಯಲ್ಲಿ ಅದೇ ಮುಚ್ಚಳದ ಪಕ್ಕ ತೊಡೆ ಸುಡೋದು.

2004ರಿಂದ ಅದು ಕೊಟ್ಟಿಗೆಯಲ್ಲೇ ನಿಂತಿತ್ತು. ಹೋದ ವರ್ಷ ಚಿಕ್ಕಪ್ಪ ಗುಜರಿಯವನನ್ನ ಕರೆಸಿದ್ರು. ಅವನು ತಕ್ಕಡಿ ಲೆಕ್ಕದಲ್ಲಿ ರೇಟು ಹೇಳಿ ಹೋದ. ಸುದ್ದಿ ಗೊತ್ತಾಗಿ ನಾನು ಫೋನಲ್ಲಿ ದೊಡ್ಡ ಮಾತಾಡಿದೆ. "ಬೇಡ ಚಿಕ್ಕಪ್ಪ, ಅದು ಇತಿಹಾಸ. ಐವತ್ತು ವರ್ಷ ದಾಟಿದ ಗಾಡಿಗೆ ಸರ್ಕಾರವೇ ವಿಂಟೇಜ್ ಅಂತ ನೋಂದಣಿ ಕೊಡುತ್ತೆ. ನಾನೇ ಬಂದು ರಿಪೇರಿ ಮಾಡ್ತೀನಿ" ಅಂದೆ. ಆ ಮಾತು ಎಷ್ಟು ನಿಜ, ಎಷ್ಟು ಸುಳ್ಳು ಅಂತ ತಿಳ್ಕೊಳೋಕೆ ಹೋಗಿ ಈ ಸಂಚಿಕೆ ಹುಟ್ಟಿದ್ದು.

ಸ್ವಲ್ಪ ಹಿಂದಕ್ಕೆ ಹೋಗೋಣ.

ಪಿಕಪ್ ಅನ್ನೋ ಗಾಡಿಯನ್ನ ಯಾರು ಕಂಡುಹಿಡಿದರು ಅಂತ ಕೇಳಿದ್ರೆ ಕಂಪನಿಗಳ ಹೆಸರು ಬರುತ್ತೆ. 1925ರ ಏಪ್ರಿಲ್‌ನಲ್ಲಿ ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಕಾರಿಗೆ ಹಿಂದೆ ಉಕ್ಕಿನ ಪೆಟ್ಟಿಗೆ ಕೂರಿಸಿ 281 ಡಾಲರಿಗೆ ಮಾರೋಕೆ ಶುರು ಮಾಡಿತು. ಕಾರ್ಖಾನೆಯಿಂದಲೇ ಪೂರ್ತಿ ತಯಾರಾಗಿ ಬಂದ ಮೊದಲ ಪಿಕಪ್ ಅಂತ ಅದನ್ನ ಹೇಳೋದು ವಾಡಿಕೆ. ಆದರೆ ಅದಕ್ಕೂ ಎಷ್ಟೋ ವರ್ಷ ಮುಂಚೆಯೇ ಅಮೆರಿಕದ ರೈತರು ಕಾರಿನ ಹಿಂಭಾಗ ಕೊಯ್ದು, ಮರದ ಪೆಟ್ಟಿಗೆ ಕಟ್ಟಿ, ಹಾಲಿನ ಕ್ಯಾನು, ಹುಲ್ಲು, ಹಂದಿ ಎಲ್ಲ ಸಾಗಿಸ್ತಿದ್ರು. ಫೋರ್ಡ್ ಮಾಡಿದ್ದು ಜನ ಮನೆಯಲ್ಲಿ ಮಾಡ್ಕೊಂಡಿದ್ದನ್ನ ಕಾರ್ಖಾನೆಗೆ ತಂದಿದ್ದು. ಪಿಕಪ್ಪಿನ ವಂಶವೃಕ್ಷದ ಬುಡದಲ್ಲೇ ಗರಗಸ ಇದೆ. ಈ ಮಾತು ನೆನಪಿಟ್ಕೊಳಿ, ಆಮೇಲೆ ಬೇಕಾಗುತ್ತೆ.

ನಮ್ಮ ಗಾಡಿಯ ವಂಶ ಮಾತ್ರ ಬೇರೆ ಕಡೆಯಿಂದ, ಯುದ್ಧದಿಂದ ಬಂದದ್ದು. 1940ರಲ್ಲಿ ಅಮೆರಿಕದ ಸೈನ್ಯ ಹಗುರವಾದ, ನಾಲ್ಕೂ ಚಕ್ರ ಎಳೆಯೋ ಒಂದು ಗಾಡಿ ಬೇಕು ಅಂತ 135 ಕಂಪನಿಗಳಿಗೆ ಕಾಗದ ಬರೀತು. ಮಾದರಿ ಗಾಡಿ ತಯಾರಿಸೋಕೆ ಕೊಟ್ಟ ಗಡುವು 49 ದಿನ. ಆ ಗಡುವಿಗೆ ಸರಿಯಾಗಿ ಗಾಡಿ ತಂದು ನಿಲ್ಲಿಸಿದ್ದು ಪೆನ್ಸಿಲ್ವೇನಿಯಾದ ಬ್ಯಾಂಟಮ್ ಅನ್ನೋ ಪುಟ್ಟ ಕಂಪನಿ. ದೊಡ್ಡ ಆರ್ಡರ್ ಸಿಕ್ಕಿದ್ದು ವಿಲ್ಲೀಸ್ ಮತ್ತು ಫೋರ್ಡ್‌ಗೆ. ಯಾರ ಕಷ್ಟ, ಯಾರ ಫಲ ಅನ್ನೋ ಕಥೆ ಎಲ್ಲ ಕಡೆ ಒಂದೇ. ಯುದ್ಧ ಮುಗಿಯೋ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳಾಗಿದ್ದವು.

ನಮಗೆ ಮುಖ್ಯವಾದದ್ದು ಆ ಸಂಖ್ಯೆ ಅಲ್ಲ. ಫೋರ್ಡ್ ಮಾಡಿದ ಜೀಪಿನ ಭಾಗ ವಿಲ್ಲೀಸ್ ಜೀಪಿಗೆ ಕೂರಬೇಕು ಅನ್ನೋದು ಸೈನ್ಯದ ಷರತ್ತು. ಬರ್ಮಾದ ಕೆಸರಲ್ಲಿ ಗಾಡಿ ನಿಂತರೆ ಕಂಪನಿಯಿಂದ ಮೆಕ್ಯಾನಿಕ್ ಬರೋದಿಲ್ಲ. ಅಯೋವಾದ ಜೋಳದ ಹೊಲದಿಂದ ಬಂದ ಇಪ್ಪತ್ತು ವರ್ಷದ ಹುಡುಗನೇ ಅದನ್ನ ಬಿಚ್ಚಿ ಜೋಡಿಸಬೇಕು. ಹಾಗಾಗಿ ಅಮೆರಿಕದ ಸೈನ್ಯ ದುರಸ್ತಿಯನ್ನ ಹಂತ ಹಂತವಾಗಿ ಹಂಚಿತು. ಮೊದಲ ಹಂತದ ಕೆಲಸ ಪೂರ್ತಿ ಡ್ರೈವರಿಗೇ: ಎಣ್ಣೆ ನೋಡೋದು, ನಟ್ಟು ಬಿಗಿ ಮಾಡೋದು, ಗ್ರೀಸ್ ಹಾಕೋದು. ಅದನ್ನ ಕಲಿಸೋಕೆ ಅವರು ಕಾಮಿಕ್ಸನ್ನೂ ಬಳಸಿದರು! ವಿಲ್ ಐಸ್ನರ್ ಅಂತ ಒಬ್ಬ ದೊಡ್ಡ ಚಿತ್ರಕಾರ, ಕಾಮಿಕ್ಸ್ ಓದುವವರಿಗೆ ಹೆಸರು ಗೊತ್ತಿರುತ್ತೆ. ಅವರು ಯುದ್ಧಕಾಲದಲ್ಲಿ 'ಆರ್ಮಿ ಮೋಟರ್ಸ್' ಪತ್ರಿಕೆಗೆ ಜೋ ಡೋಪ್ ಅನ್ನೋ ಪೆದ್ದ ಸೈನಿಕನ ಚಿತ್ರಕಥೆ ಬರೆದರು. ಜೋ ಡೋಪ್ ಎಲ್ಲವನ್ನೂ ತಪ್ಪು ಮಾಡ್ತಾನೆ, ಓದಿದವರು ಸರಿ ಕಲೀತಾರೆ. 1951ರಲ್ಲಿ ಇದೇ ಕೆಲಸಕ್ಕೆ 'ಪಿಎಸ್' ಅಂತ ಇನ್ನೊಂದು ಮಾಸಿಕ ಶುರುವಾಯ್ತು. ಅದಕ್ಕೂ ಐಸ್ನರ್ ಇಪ್ಪತ್ತು ವರ್ಷ ದುಡಿದರು. ನಮ್ಮ ಕೊಟ್ಟಿಗೆಯಲ್ಲಿ ಪೈಪಿನ ಮೇಲೆ ನಿಂತಿದ್ದ ನನ್ನನ್ನ ಅವರು ನೋಡಿದ್ದರೆ ಒಂದು ಪುಟ ಸುಲಭವಾಗಿ ಬರೆದುಕೊಳ್ತಿದ್ರು.

ಅಂದ್ರೆ, ಮನೆಯಲ್ಲೇ ಬಿಚ್ಚಿ ರಿಪೇರಿ ಮಾಡಬಹುದು ಅನ್ನೋದು ಈ ಗಾಡಿಗಳಿಗೆ ಆಮೇಲೆ ಅಂಟಿಕೊಂಡ ಹವ್ಯಾಸ ಅಲ್ಲ. ಹುಟ್ಟುವಾಗಲೇ ಹಾಕಿಟ್ಟ ಗುಣ.

ಇನ್ನು ನಮ್ಮ ದೇಶಕ್ಕೆ ಬರೋಣ. ಮಹಾಯುದ್ಧದ ಕಾಲದಲ್ಲಿ ಅಸ್ಸಾಂ, ಲೇಡೊ ರಸ್ತೆ, ಬರ್ಮಾ ಗಡಿಗೆ ಅಮೆರಿಕದ ಗಾಡಿಗಳು ರಾಶಿ ರಾಶಿ ಬಂದಿದ್ದವು. ಯುದ್ಧ ಮುಗಿದ ಮೇಲೆ ಅವು 'ಡಿಸ್ಪೋಸಲ್'ಗೆ ಬಂದವು. ಹಳೇ ಮೇಸ್ತ್ರಿಗಳ ಬಾಯಲ್ಲಿ "ಅದು ಡಿಸ್ಪೋಸಲ್ ಗಾಡಿ" ಅನ್ನೋ ಮಾತು ಈಗಲೂ ಕೇಳಿಬರುತ್ತೆ. 1945ರ ಅಕ್ಟೋಬರ್‌ನಲ್ಲಿ ಲೂಧಿಯಾನದಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಅನ್ನೋ ಉಕ್ಕಿನ ವ್ಯಾಪಾರದ ಕಂಪನಿ ಶುರುವಾಗಿತ್ತು. ದೇಶ ಒಡೆದಾಗ ಪಾಲುದಾರ ಗುಲಾಮ್ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯ ಮೊದಲ ಹಣಕಾಸು ಸಚಿವರಾದರು. 1948ರಲ್ಲಿ ಕಂಪನಿಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಆಯ್ತು. 1940ರ ದಶಕದ ಕೊನೆಗೆ ಅವರು ವಿಲ್ಲೀಸ್ ಜೀಪಿನ ಭಾಗಗಳನ್ನ ತರಿಸಿ ಬೊಂಬಾಯಿಯ ಮಜಗಾಂವ್‌ನಲ್ಲಿ ಜೋಡಿಸ್ತಿದ್ರು. ಮಲೆನಾಡು, ಕೊಡಗಿನ ತೋಟದ ರಸ್ತೆಗಳಿಗೆ ಜೀಪು ಹೊಕ್ಕಿದ್ದು ಹೀಗೆ.

ಎಫ್‌ಸಿ ಬಂದಿದ್ದು ಇನ್ನೂ ತಡವಾಗಿ. ಅಮೆರಿಕದಲ್ಲಿ 1956ರ ಕೊನೆಗೆ ಅದನ್ನ ಬಿಡುಗಡೆ ಮಾಡಿದ್ರು. ರೂಪ ಕೊಟ್ಟದ್ದು ಬ್ರೂಕ್ಸ್ ಸ್ಟೀವನ್ಸ್ ಅನ್ನೋ ವಿನ್ಯಾಸಕಾರ. ಬರೀ 81 ಇಂಚಿನ ವೀಲ್‌ಬೇಸ್, ಅಂದ್ರೆ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಏಳಡಿಯೂ ಇಲ್ಲ. ಅದರ ಮೇಲೆ ಆರು ಅಡಿ ಉದ್ದದ ಪೆಟ್ಟಿಗೆ! ಇಂಥ ಗಾಡಿ ತೋಟದ ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗುತ್ತೆ. ಖಾಲಿ ಇದ್ದಾಗ ಮಾತ್ರ ಮೂಗುಭಾರ. ಇಳಿಜಾರಲ್ಲಿ ಜೋರಾಗಿ ಬ್ರೇಕ್ ಒತ್ತಿದ್ರೆ ಹಿಂಭಾಗ ಹಗುರಾಗೋದು ಗೊತ್ತಾಗುತ್ತೆ. ಅಜ್ಜ ಅದಕ್ಕೇ ಪೇಟೆಯಿಂದ ಬರುವಾಗ ಏನೂ ಇಲ್ಲದಿದ್ದರೆ ಎರಡು ಕಲ್ಲು ಹಾಕ್ಕೊಂಡು ಬರೋರು. ಅಮೆರಿಕದಲ್ಲಿ 1965ರ ಹೊತ್ತಿಗೆ ಈ ಗಾಡಿಯ ತಯಾರಿಕೆ ನಿಂತುಹೋಯ್ತು. ನಮ್ಮಲ್ಲಿ ಮುಂದುವರೀತು. ಹುಟ್ಟಿದ ಊರಲ್ಲಿ ಸತ್ತ ಗಾಡಿ ಇಲ್ಲಿ ಸಂಸಾರ ಮಾಡ್ಕೊಂಡು ಬಾಳಿತು ಅನ್ನಿ.

ಎಂಜಿನ್ ಬಗ್ಗೆ ಎರಡು ಮಾತು, ಯಾಕಂದ್ರೆ ಜಗಳ ಇರೋದೇ ಅಲ್ಲಿ. ಮೂಲತಃ ಇದಕ್ಕೆ ಬಂದದ್ದು 'ಹರಿಕೇನ್' ಅನ್ನೋ 2.2 ಲೀಟರಿನ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಅದರದ್ದು ಒಂದು ವಿಚಿತ್ರ: ಗಾಳಿ ಒಳಗೆ ಬರೋ ವಾಲ್ವ್ ಮೇಲೆ ಹೆಡ್ಡಿನಲ್ಲಿ, ಹೊಗೆ ಹೊರಗೆ ಹೋಗೋ ವಾಲ್ವ್ ಕೆಳಗೆ ಬ್ಲಾಕಿನಲ್ಲೇ. ಯುದ್ಧಕಾಲದ ಹಳೇ ಎಂಜಿನ್ನನ್ನ ಪೂರ್ತಿ ಬಿಸಾಡದೆ, ಮೇಲ್ಭಾಗ ಬದಲಿಸಿ ಶಕ್ತಿ ಹೆಚ್ಚಿಸಿಕೊಂಡ ಫಲ ಅದು. ಅಂದ್ರೆ ಕಂಪನಿಯೇ ಹಳೇದಕ್ಕೆ ತೇಪೆ ಹಾಕಿ ಹೊಸದು ಮಾಡಿತ್ತು.

1971ರಲ್ಲಿ ಅಜ್ಜ ಒಂದು ಕಾಫಿ ತೋಟದವರಿಂದ ಈ ಗಾಡಿಯನ್ನ ಸೆಕೆಂಡ್ ಹ್ಯಾಂಡ್ ತಗೊಂಡ್ರು. ತಗೊಂಡ ದಿನದಿಂದ ಒಂದು ಲೆಕ್ಕದ ಪುಸ್ತಕ ಇಟ್ಟಿದ್ದರು. ನಮ್ಮ ಮನೆಯಲ್ಲಿ ಅದಕ್ಕೆ 'ಗಾಡಿ ಜಾತಕ' ಅಂತಲೇ ಹೆಸರು. ಅಡಿಕೆ ಲೆಕ್ಕದ ಉದ್ದನೆ ಪುಸ್ತಕ, ಕೆಂಪು ಬಟ್ಟೆಯ ಹೊದಿಕೆ. ಒಂದೊಂದು ಸಾಲು, ಶಾಯಿಯಲ್ಲಿ. "ಕ್ಲಚ್ ಪ್ಲೇಟ್ ಬದಲು." "ಗೇರ್ ಆಯಿಲ್ ಮತ್ತೆ ಕೆಳಗಿನ ಡಬ್ಬಿಗೆ ಇಳಿದಿದೆ, ಸೀಲ್ ಹಾಕಿಸಿದ್ದು." "ಕಿಂಗ್‌ಪಿನ್ ಸಿಕ್ಕಲಿಲ್ಲ, ಲೇತಿನಲ್ಲಿ ಮಾಡಿಸಿದ್ದು. ಮೇಸ್ತ್ರಿಗೆ ಬಾಳೆಗೊನೆ ಎರಡು."

ಆ ಕೊನೆಯ ಸಾಲಿನಲ್ಲಿ ದೇಶದ ಇತಿಹಾಸವೇ ಇದೆ. ಲೇತಿನಲ್ಲಿ ಯಾಕೆ ಮಾಡಿಸಬೇಕಾಯ್ತು? 1953ರಲ್ಲಿ ಟ್ಯಾರಿಫ್ ಕಮಿಷನ್ ಒಂದು ಶಿಫಾರಸು ಮಾಡಿತು: ಇಲ್ಲೇ ತಯಾರಿಸೋ ಯೋಜನೆ ಇರೋ ಕಂಪನಿಗಳು ಮಾತ್ರ ಉಳಿಯಲಿ, ಬರೀ ಭಾಗ ತರಿಸಿ ಜೋಡಿಸೋರು ಬೇಡ. ಆ ಹೊತ್ತಿಗೆ ಫೋರ್ಡ್ ಮತ್ತು ಜನರಲ್ ಮೋಟರ್ಸ್ ಇಲ್ಲಿನ ಬಾಗಿಲು ಹಾಕಿಕೊಂಡು ಹೊರಟವು. ಅವು ಮಾರಿಹೋಗಿದ್ದ ಷೆವರ್ಲೆ, ಫೋರ್ಡ್ ಟ್ರಕ್ಕು, ಪಿಕಪ್ಪುಗಳು ಮಾತ್ರ ಇಲ್ಲೇ ಉಳಿದವು. ಹೊರದೇಶದ ಬಿಡಿಭಾಗಕ್ಕೆ ಲೈಸೆನ್ಸು, ಕೋಟಾ. ಆಗ ಬೆಳೆದದ್ದು ನಮ್ಮ ಊರೂರಿನ ಲೇತ್ ಅಂಗಡಿ, ಟಿಂಕರಿಂಗ್ ಶೆಡ್ಡು, ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಸಾಲು, ಶಿವಾಜಿನಗರದ ಗುಜರಿ. ಇಲ್ಲದ್ದನ್ನ ಮಾಡ್ಕೊಳೋ, ಇದ್ದದ್ದನ್ನ ಹೊಂದಿಸ್ಕೊಳೋ ಒಂದು ವಿದ್ಯೆಯೇ ಬೆಳೀತು. ಇದನ್ನ ನಾವು 'ಅಡ್ಜಸ್ಟ್' ಅಂತ ಹೇಳಿ ಕೀಳು ಮಾಡ್ತೀವಿ. ಮಾದರಿ ನೋಡಿ, ಕ್ಯಾಲಿಪರ್ ಹಿಡಿದು, ಗಟ್ಟಿ ಉಕ್ಕನ್ನ ಕೂದಲೆಳೆಯಷ್ಟು ಲೆಕ್ಕಕ್ಕೆ ತೆಗೆಯೋದು ಅಡ್ಜಸ್ಟ್ ಅಲ್ಲ ಸ್ವಾಮಿ.

ಇನ್ನು ಜಾತಕದ ಅತಿ ಮುಖ್ಯವಾದ ಸಾಲು. 1982: "ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿದ್ದು. ಹಳೇ ಎಂಜಿನ್ ಕೆಳಮನೆಗೆ, ಪಂಪಿಗೆ."

1973ರ ಕೊನೆಯಲ್ಲಿ ಅರಬ್ ದೇಶಗಳ ತೈಲ ನಿರ್ಬಂಧ ಬಂದಾಗ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾಯ್ತು. ದಶಕದ ಕೊನೆಗೆ ಇರಾನಿನ ಕ್ರಾಂತಿಯ ಹೊತ್ತಿಗೆ ಇನ್ನೊಂದು ಏಟು. ನಮ್ಮ ಗಾಡಿ ಹೇರು ಹೊತ್ತು ಘಾಟಿ ಹತ್ತುವಾಗ ಲೀಟರಿಗೆ ಆರು ಕಿಲೋಮೀಟರ್ ಅಂತ ಅಜ್ಜನ ಲೆಕ್ಕ. ಇಡೀ ದೇಶದಲ್ಲಿ ಜೀಪಿಟ್ಟವರೆಲ್ಲ ಅದೇ ಲೆಕ್ಕ ಹಾಕ್ತಿದ್ರು. ಮಹೀಂದ್ರ ಕಂಪನಿ ತಾನೇ ತನ್ನ ಜೀಪುಗಳಿಗೆ ಡೀಸೆಲ್ ಎಂಜಿನ್ ಹಾಕಿತು, ಅದೂ ಎಲ್ಲಿಂದ? ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರಿನಿಂದ. ಗದ್ದೆಯ ಎಂಜಿನ್ ರಸ್ತೆಗೆ ಬಂತು. ಕಂಪನಿ ಹೊಸ ಗಾಡಿಗೆ ಮಾಡಿದ್ದನ್ನ ಜನ ಹಳೇ ಗಾಡಿಗೆ ಮಾಡಿದ್ರು. ನಮ್ಮದಕ್ಕೆ ಕೂತದ್ದೂ ಟ್ರ್ಯಾಕ್ಟರ್ ವಂಶದ್ದೇ. ಅದು ಎತ್ತರ, ತೂಕವೂ ಹೆಚ್ಚು. ಕೂರಿಸೋಕೆ ಚಾಸಿಯ ಅಡ್ಡಪಟ್ಟಿಯೊಂದನ್ನ ಕೊಯ್ದು ಕೆಳಗೆ ಇಳಿಸಿ ವೆಲ್ಡ್ ಮಾಡಿದ್ದಾರೆ. ಸೀಟಿನ ನಡುವಿನ ಮುಚ್ಚಳವನ್ನ ನಾಲ್ಕು ಬೆರಳು ಎತ್ತರಿಸಿದ್ದಾರೆ. ಆರ್‌ಸಿ ಪುಸ್ತಕದಲ್ಲಿ ಹಳೇ ಎಂಜಿನ್ ನಂಬರಿಗೆ ಕೆಂಪು ಗೆರೆ ಎಳೆದು, ಮೇಲೆ ಹೊಸ ನಂಬರ್ ಬರೆದು ಸೀಲು ಹಾಕಿದ್ದಾರೆ. ಎಲ್ಲ ಕಾನೂನು ಪ್ರಕಾರವೇ ಆಗಿದೆ.

ಇಷ್ಟು ತಿಳ್ಕೊಂಡ ಮೇಲೆ ನಾನು ಮಾಡಿದ ಮೊದಲ ಕೆಲಸ ಕೆಳಮನೆಗೆ ಓಡಿದ್ದು. ಹಳ್ಳದ ಪಕ್ಕದ ಪಂಪ್‌ಹೌಸು. ಕರೆಂಟ್ ಮೋಟರ್ ಬಂದ ಮೇಲೆ ಪೆಟ್ರೋಲ್ ಎಂಜಿನ್ನನ್ನ ಯಾರೂ ಮುಟ್ಟಿರಲಿಲ್ಲ. ತಗಡಿನ ಕೆಳಗೆ ಕೂತಿತ್ತು. ಬ್ಲಾಕಿನ ಮುಂದೆ, ವಾಟರ್ ಪಂಪ್ ಕೂರೋ ಜಾಗದ ಹತ್ತಿರ ನಂಬರ್ ಒತ್ತಿರ್ತಾರೆ. ವೈರ್ ಬ್ರಷ್ ಹಾಕಿ ತಿಕ್ಕಿದೆ. ಆರ್‌ಸಿಯಲ್ಲಿ ಕೆಂಪು ಗೆರೆ ಬಿದ್ದ ಅದೇ ನಂಬರ್! ನನ್ನ ಕೈ ನಡುಗಿತು, ಸುಳ್ಳು ಹೇಳೋದಿಲ್ಲ. ಕೆಳಮನೆಯವರು ನನ್ನ ಮುಖ ನೋಡಿ ಎರಡು ಲೋಡು ಗೊಬ್ಬರ ಕೇಳಿದ್ರು. ಒಪ್ಕೊಂಡೆ.

ಪಿಸ್ಟನ್ ಕಚ್ಚಿಕೊಂಡಿತ್ತು. ಪ್ಲಗ್ ತೂತಿನಿಂದ ಡೀಸೆಲ್ಲೂ ಆಯಿಲ್ಲೂ ಬೆರೆಸಿ ಹುಯ್ದು ಎರಡು ವಾರ ಬಿಟ್ಟೆ. ಅಲ್ಲಾಡಲಿಲ್ಲ. ಬ್ಲಾಕಿನಲ್ಲಿರೋ ವಾಲ್ವ್‌ಗಳು ಕೂಡ ಗಟ್ಟಿಯಾಗಿದ್ದವು. ಆದರೂ ಬ್ಲಾಕ್ ಒಡೆದಿರಲಿಲ್ಲ. ಬೋರ್ ಮಾಡಿಸಿ ಸ್ಲೀವ್ ಹಾಕಿದರೆ ಓಡುತ್ತೆ ಅಂತ ಚಿಕ್ಕಮಗಳೂರಿನ ಲೇತಿನವರು ಹೇಳಿದ್ರು.

ಈಗ ಆ ವಿಂಟೇಜ್ ನಿಯಮ ಏನು ಹೇಳುತ್ತೆ ನೋಡೋಣ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ಮಾಡಿತು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ಮರುನೋಂದಣಿಗೆ 5,000. ನಂಬರ್ ಪ್ಲೇಟಿನಲ್ಲಿ 'ವಿಎ' ಅನ್ನೋ ಅಕ್ಷರ. ಒಳ್ಳೇ ಕೆಲಸವೇ. ಷರತ್ತು ನೋಡಿ: ಮೊದಲ ನೋಂದಣಿ ಆಗಿ 50 ವರ್ಷ ದಾಟಿರಬೇಕು. ವಾಣಿಜ್ಯೇತರ, ಸ್ವಂತ ಬಳಕೆಯ ಗಾಡಿಯಾಗಿರಬೇಕು. ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸೋದು, ಇಂಥದಕ್ಕೆ ಬಿಟ್ಟು ದಿನನಿತ್ಯ ರಸ್ತೆಗೆ ತರೋ ಹಾಗಿಲ್ಲ.

ಕೇಳೋಕೆ ನ್ಯಾಯವಾಗಿದೆ. ನಕಲಿ ಗಾಡಿ ಕಟ್ಟಿ 'ಹಳೇದು' ಅಂತ ಮಾರೋರನ್ನ ತಡೆಯೋಕೆ ಮೂಲ ರೂಪದ ಷರತ್ತು ಬೇಕು. ಅರಮನೆಯ ಶೆಡ್ಡಿನಲ್ಲಿ ಬಟ್ಟೆ ಹೊದ್ದು ನಿಂತ ಕಾರಿಗೆ ಇದು ಸರಿಯಾಗಿ ಹೊಂದುತ್ತೆ. ಅದು ದುಡಿದಿದ್ದೇ ಇಲ್ಲವಲ್ಲ. ಆದರೆ ಪಿಕಪ್? ಸರಕು ಸಾಗಿಸೋಕಂತಲೇ ಕಟ್ಟಿದ ಗಾಡಿ ಕಾನೂನಿನ ಲೆಕ್ಕದಲ್ಲಿ ಸಾಗಾಣಿಕೆ ವಾಹನ. ನಮ್ಮದೂ ಹಾಗೇ ನೋಂದಣಿಯಾಗಿತ್ತು. ಐವತ್ತು ವರ್ಷ ದುಡಿದ ಗಾಡಿಯ ಚಾಸಿಗೆ ವೆಲ್ಡಿಂಗ್ ಬಿದ್ದಿರದೆ ಇರೋಕೆ ಸಾಧ್ಯವಾ? ವೆಲ್ಡ್ ಹಾಕಿಸದವರ ಪಿಕಪ್ಪುಗಳು ಎಂದೋ ತಕ್ಕಡಿ ಹತ್ತಿವೆ. ಯಾವ ಬದಲಾವಣೆ ಗಾಡಿಯನ್ನ ಉಳಿಸಿತೋ ಅದೇ ಬದಲಾವಣೆ ಅದನ್ನ ಇತಿಹಾಸದ ಪಟ್ಟಿಯಿಂದ ಹೊರಗೆ ಹಾಕುತ್ತೆ.

ಇನ್ನೊಂದು ಕಡೆ ಎಂಜಿನ್ ವಾಪಸ್ ಬದಲಿಸ್ತೀನಿ ಅಂದ್ರೂ ಸುಲಭ ಅಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಮಾರ್ಪಡಿಸಬಾರದು. ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನ ಖಡಾಖಂಡಿತವಾಗಿ ಹೇಳಿದೆ. ನಾನು ಒಂದು ಕಚೇರಿಗೆ ಹೋಗಿ ಕೌಂಟರಿನಲ್ಲಿದ್ದವರನ್ನ ಕೇಳಿದೆ: "ಸಾರ್, ಕಂಪನಿಯಿಂದ ಬಂದಾಗ ಪೆಟ್ರೋಲ್. ಆರ್‌ಸಿಯಲ್ಲಿರೋದು ಡೀಸೆಲ್. ನಾನು ಪೆಟ್ರೋಲ್ ಹಾಕಿದ್ರೆ ಅದು ಮಾರ್ಪಾಡೋ, ಮೂಲ ರೂಪವೋ?" ಅವರು ಆರ್‌ಸಿಯ ಕೆಂಪು ಗೆರೆ ನೋಡಿದ್ರು, ನನ್ನ ಮುಖ ನೋಡಿದ್ರು. "ಊಟದ ಟೈಮ್ ಆಯ್ತು, ಆಮೇಲೆ ಬನ್ನಿ" ಅಂದ್ರು. ನಿಜ ಹೇಳಬೇಕಂದ್ರೆ ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಪ್ರಶ್ನೆಯೇ ಹಾಗಿತ್ತು.

ಊರಿಗೆ ವಾಪಸ್ ಬಂದು ಎರಡೂ ಎಂಜಿನ್ ಅಕ್ಕಪಕ್ಕ ಇಟ್ಟೆ. 1982ರಲ್ಲಿ ಡೀಸೆಲ್ ಕೂರಿಸಿದ ಮೇಸ್ತ್ರಿ ಇನ್ನೂ ಇದ್ದಾರೆ. ಈಗ ಕೆಲಸ ಮಾಡೋದಿಲ್ಲ, ಕಣ್ಣು ಮಂಜು. ಕರ್ಕೊಂಡು ಬಂದು ಕುರ್ಚಿ ಹಾಕಿ ಕೂರಿಸಿದ್ವಿ. ನಾನು ನನ್ನ ಯೋಜನೆ ಹೇಳಿದೆ: ಡೀಸೆಲ್ ಇಳಿಸೋದು, ಅಡ್ಡಪಟ್ಟಿ ಮೊದಲಿದ್ದಲ್ಲಿಗೆ ಎತ್ತರಿಸೋದು, ಮೂಲ ಎಂಜಿನ್ ಕೂರಿಸೋದು. ಅವರು ಎಲ್ಲ ಕೇಳಿಸ್ಕೊಂಡು ಚಿಕ್ಕಪ್ಪನ ಕಡೆ ತಿರುಗಿದ್ರು.

"ಮೂಲ ಎಂಜಿನ್ ಯಾವುದು ಗೌಡ್ರೇ? ಅದು ಹದಿನಾಲ್ಕು ವರ್ಷ ಓಡಿದ್ದು. ಇದು ಇಪ್ಪತ್ತೆರಡು ವರ್ಷ. ನಿಮ್ಮ ಅಪ್ಪಯ್ಯ ಆಸ್ಪತ್ರೆಗೆ ಹೋಗಿದ್ದು ಯಾವುದರಲ್ಲಿ? ನಿಮ್ಮ ಮದುವೆ ದಿಬ್ಬಣ ಬಂದಿದ್ದು ಯಾವುದರಲ್ಲಿ?"

ಚಿಕ್ಕಪ್ಪ ಏನೂ ಹೇಳಲಿಲ್ಲ. ಎದ್ದು ಹೋಗಿ ಕಾಫಿ ತಂದ್ರು.

ಆ ರಾತ್ರಿ ನಿದ್ದೆ ಬರಲಿಲ್ಲ. ಇತಿಹಾಸದ ಕಾರ್ಯಕ್ರಮ ಮಾಡ್ತಾ ನಾನು ಎಷ್ಟು ಸಲ ಹೇಳಿದ್ದೀನಿ, ದೇವಸ್ಥಾನಕ್ಕೆ ಆಮೇಲಿನವರು ಕಟ್ಟಿಸಿದ ಮಂಟಪವೂ ಇತಿಹಾಸವೇ, ಒಡೆದು 'ಮೂಲ' ಹುಡುಕಬೇಡಿ ಅಂತ. ಗಾಡಿ ವಿಷಯ ಬಂದಾಗ ನಾನೇ ಗರಗಸ ಹಿಡಿದಿದ್ದೆ.

ಡೀಸೆಲ್ ಎಂಜಿನ್ ಗಾಡಿಯಲ್ಲೇ ಉಳೀತು. ವಿಂಟೇಜ್ ನೋಂದಣಿ ಆಸೆ ಬಿಟ್ಟೆ. ಇದು ಎಲ್ಲರಿಗೂ ಸರಿ ಅಂತ ನಾನು ಹೇಳ್ತಿಲ್ಲ. ಹಾಳಾಗದೆ ಉಳಿದ ಪೆಟ್ರೋಲ್ ಎಫ್‌ಸಿ ಯಾರ ಹತ್ತಿರವಾದ್ರೂ ಇದ್ದರೆ ದಯವಿಟ್ಟು ಅದನ್ನ ಹಾಗೇ ಇಡಿ. ಅಂಥ ಒಂದಾದ್ರೂ ಇರಬೇಕು. ಪೆಟ್ರೋಲ್ ಎಂಜಿನ್ನನ್ನ ನಾನು ಬಿಚ್ಚಿ, ಒಂದೊಂದು ಭಾಗ ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆ ಸವರಿ, ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದೀನಿ. ನನ್ನ ಮಗಳಿಗೆ ಬೇಕನ್ನಿಸಿದರೆ ಅವಳು ಕೂರಿಸಲಿ.

ಉಳಿದ ಕೆಲಸದ ಬಗ್ಗೆ ಜಾಸ್ತಿ ಕೊರೆಯೋಲ್ಲ. ಮನೆಯಲ್ಲಿ ಕೈ ಹಾಕೋರಿಗೆ ಮಾತ್ರ ಒಂದೆರಡು ಮಾತು. ಮೊದಲು ಬ್ರೇಕು, ಆಮೇಲೆ ಎಂಜಿನ್. ಓಡೋದಕ್ಕಿಂತ ನಿಲ್ಲೋದು ಮುಖ್ಯ. ಈ ಗಾಡಿಗಳಲ್ಲಿ ನಾಲ್ಕು ಚಕ್ರಕ್ಕೂ ಬ್ರೇಕ್ ಆಯಿಲಿನ ದಾರಿ ಒಂದೇ. ಒಂದು ಪೈಪ್ ಸೋರಿದ್ರೆ ನಾಲ್ಕೂ ಹೋದ ಹಾಗೆ. ಹಾಗಾಗಿ ಪೈಪೆಲ್ಲ ಹೊಸದು ಹಾಕಿ. ಹಳೇ ಬ್ರೇಕ್ ಲೈನಿಂಗಿನ ಧೂಳನ್ನ ಬಾಯಲ್ಲಿ ಊದಬೇಡಿ, ಅದರಲ್ಲಿ ಆಸ್ಬೆಸ್ಟಾಸ್ ಇರುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿ. ಬರೀ ಜಾಕಿ ನಂಬಿ ಗಾಡಿ ಕೆಳಗೆ ಹೋಗಬೇಡಿ. ಕ್ಯಾಬಿನ್ ನೆಲದ ತಗಡು ಮಲೆನಾಡಿನ ಮಳೆಗೆ ಹಪ್ಪಳ ಆಗಿತ್ತು. ಕೊಯ್ದು 18 ಗೇಜ್ ಶೀಟ್ ಹಾಕಿಸಿದೆ, ರೆಡ್ ಆಕ್ಸೈಡ್ ಹೊಡೆದೆ. ಚಾಸಿಯ ಅಡ್ಡಪಟ್ಟಿಯ 1982ರ ವೆಲ್ಡಿಂಗನ್ನ ತಿಕ್ಕಿ ನೋಡಿದೆ. ಒಂದು ಬಿರುಕಿಲ್ಲ. ಮೇಸ್ತ್ರಿಗೆ ಕಣ್ಣು ಕಾಣದಿದ್ರೂ ಬೆರಳು ಆಡಿಸಿ ನೋಡಿ ತಲೆ ಹಾಕಿದ್ರು.

ಗಾಡಿಗೆ ಎಫ್‌ಸಿ ಇಲ್ಲ. ಈ ಎಫ್‌ಸಿ ಬೇರೆ, ಫಿಟ್‌ನೆಸ್ ಸರ್ಟಿಫಿಕೇಟು. ಹೆಸರಲ್ಲೇ ಎಫ್‌ಸಿ ಇಟ್ಕೊಂಡ ಗಾಡಿಗೆ ಎಫ್‌ಸಿ ಇಲ್ಲ ಅಂತ ಊರವರು ತಮಾಷೆ ಮಾಡ್ತಾರೆ. ಅದು ಸಿಗೋವರೆಗೆ ರಸ್ತೆಗೆ ತರೋ ಹಾಗಿಲ್ಲ, ತರೋದೂ ಇಲ್ಲ. ಸಿಗುತ್ತೋ ಇಲ್ಲವೋ ಮಳೆಗಾಲ ಕಳೆದ ಮೇಲೆ ಗೊತ್ತಾಗುತ್ತೆ. ಸದ್ಯಕ್ಕೆ ನಮ್ಮ ಬೇಲಿಯ ಒಳಗೆ, ತೋಟದಿಂದ ಕಣಕ್ಕೆ ಅಡಿಕೆಗೊನೆ ತರೋ ಅಷ್ಟೇ ಓಡಾಟ.

ಮೊದಲ ಟ್ರಿಪ್ ಚಿಕ್ಕಪ್ಪನೇ ಓಡಿಸಿದ್ರು. ಎಂಜಿನ್ ಮುಚ್ಚಳದ ಮೇಲೆ ನನ್ನ ಮಗಳು ಕೈ ಇಟ್ಟು "ಬಿಸಿ ಆಗ್ತಿದೆ" ಅಂದ್ಳು. ಕಣದಲ್ಲಿ ಗೊನೆ ಇಳಿಸಿ ಆದ ಮೇಲೆ ಚಿಕ್ಕಪ್ಪ ಒಳಗಿಂದ ಜಾತಕ ತಂದ್ರು. 2004ರ ನಂತರ ಖಾಲಿ ಬಿಟ್ಟಿದ್ದ ಪುಟ. ಕನ್ನಡಕ ಹಾಕ್ಕೊಂಡು, ದಿನಾಂಕ ಹಾಕಿ, ಅಜ್ಜನ ಹಾಗೇ ಒಂದೊಂದೇ ಸಾಲು ಬರೆದ್ರು. ಮಾಸ್ಟರ್ ಸಿಲಿಂಡರ್ ಕಿಟ್. ಬ್ರೇಕ್ ಪೈಪ್ ಪೂರ್ತಿ. ನೆಲದ ತಗಡು. ಕೆಳಮನೆಗೆ ಗೊಬ್ಬರ ಎರಡು ಲೋಡು. ಆಮೇಲೆ ಸ್ವಲ್ಪ ಯೋಚನೆ ಮಾಡಿ, ನನ್ನ ಕಡೆ ಒಂದು ಸಲ ನೋಡಿ, ಕೊನೆಗೆ ಇನ್ನೊಂದು ಸಾಲು ಸೇರಿಸಿದ್ರು: "ಎಡಗಡೆ ಸ್ಟಡ್ ಎರಡು. ಹುಡುಗ ಮುರಿದದ್ದು."